ಬೆನ್ನುನೋವು ಮತ್ತು ಯಕೃತ್ತಿನ ಆರೋಗ್ಯ

ಕಾಯಕಜೀವಿಗಳಿಗೆ ಬೆನ್ನುನೋವು ಹೊಸದಲ್ಲ. ಹೊಲದಲ್ಲಿ ಬಾಗಿ ದುಡಿಯುವವರನ್ನೂ ಅಂಗಡಿಯಲ್ಲಿ ದಿನವಿಡೀ ಕುಳಿತಿರುವವರನ್ನೂ ಅದು ಸಮನಾಗಿ ಕಾಡುತ್ತದೆ. ಬಹುಪಾಲು ಬೆನ್ನುನೋವಿಗೆ ಸ್ನಾಯು ಹಾಗೂ ಬೆನ್ನೆಲುಬುಗಳೇ ಕಾರಣ, ಆದ್ದರಿಂದ ಅಂಜಬೇಕಾಗಿಲ್ಲ. ಆದರೆ ಕೆಲವೊಮ್ಮೆ ಅದರ ಮೂಲ ಯಕೃತ್ತಿನಲ್ಲಿರುವುದುಂಟು.

ಲಿವರ್ ಎಂದು ನಾವು ಕರೆಯುವ ಯಕೃತ್ತು ಹೊಟ್ಟೆಯ ಮೇಲ್ಭಾಗದ ಬಲಕ್ಕೆ, ಪಕ್ಕೆಲುಬುಗಳ ಮರೆಯಲ್ಲಿದೆ. ವಯಸ್ಕರಲ್ಲಿ ಅದರ ತೂಕ ಸುಮಾರು 1.5 ಕಿಲೋಗ್ರಾಂ. ಅದರ ಒಳಭಾಗಕ್ಕೆ ನೋವಿನ ಅರಿವಿಲ್ಲ. ಹೊರಗಿನ ತೆಳುಪೊರೆಗೆ ಮಾತ್ರ ಇದೆ. ಉರಿಯೂತ, ಕೀವು ಅಥವಾ ಗಡ್ಡೆಯಿಂದ ಯಕೃತ್ತು ಊದಿದಾಗ ಆ ಪೊರೆ ಬಿಗಿದು ನೋಯುತ್ತದೆ. ಯಕೃತ್ತಿನ ಮೇಲಿರುವ ವಪೆಯ ನರವೂ ಭುಜದ ಚರ್ಮದ ನರಗಳೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುತ್ತವೆ. ಆದಕಾರಣ ವಪೆ ಕೆರಳಿದರೆ ನೋವು ಬಲಭುಜದಲ್ಲಿ ತೋರುತ್ತದೆ. ಬಲ ಹೆಗಲೆಲುಬಿನ ಕೆಳಗೂ ಅದು ಹರಡಬಹುದು. ಪಿತ್ತಕೋಶದ ಕಲ್ಲಿನ ನೋವೂ ಇಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಸ್ನಾಯುವಿನ ನೋವು ಸಾಮಾನ್ಯವಾಗಿ ಬಾಗಿದಾಗ, ಭಾರ ಎತ್ತಿದಾಗ ಹೆಚ್ಚಿ, ವಿಶ್ರಾಂತಿಯಿಂದ ತಗ್ಗುತ್ತದೆ. ಮಲಗುವ ಭಂಗಿ ಬದಲಿಸಿದರೂ ತಗ್ಗದ ನೋವಿನೊಡನೆ ಹಸಿವು ಕುಂದುವುದು, ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, ಮೂತ್ರ ಗಾಢಬಣ್ಣಕ್ಕೆ ತಿರುಗುವುದು, ಮೈತುರಿಕೆ, ಚಳಿಜ್ವರ, ಹೊಟ್ಟೆ ಅಥವಾ ಕಾಲುಗಳ ಬಾವು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ರಕ್ತವಾಂತಿ, ಕಪ್ಪು ಮಲ, ಬುದ್ಧಿಭ್ರಮಣೆಗಳಿಗೆ ತುರ್ತು ಚಿಕಿತ್ಸೆ ಅಗತ್ಯ. ಕಾಮಾಲೆಗೆ ಬರೆ ಹಾಕಿಸಿ ಕಾಲ ಕಳೆಯುವುದು ಸಲ್ಲದು.

ಇನ್ನೊಂದು ಅಪಾಯವಿದೆ. ಬೆನ್ನು ನೋಯುತ್ತದೆಂದು ಔಷಧದಂಗಡಿಯ ಗುಳಿಗೆಗಳನ್ನು ದಿನದಿನವೂ ನುಂಗುವವರು ನಮ್ಮಲ್ಲಿ ಅನೇಕರಿದ್ದಾರೆ. ಪ್ಯಾರಾಸಿಟಮಾಲ್ ಮಿತಿಮೀರಿದರೆ ಯಕೃತ್ತಿಗೇ ಘಾತಕ. ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಇದ್ದವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಮೂತ್ರಪಿಂಡದ ವೈಫಲ್ಯಕ್ಕೂ ರಕ್ತಸ್ರಾವಕ್ಕೂ ದಾರಿ ಮಾಡಬಲ್ಲವು. ಹೀಗೆ ನೋವಡಗಿಸುವ ಗುಳಿಗೆ ರೋಗವನ್ನು ಮರೆಮಾಡುವುದಲ್ಲದೆ, ಉಲ್ಬಣಗೊಳಿಸಲೂಬಹುದು.

'ನಾವು ಮದ್ಯ ಮುಟ್ಟುವುದಿಲ್ಲ, ಶಾಕಾಹಾರಿಗಳು. ನಮಗೇಕೆ ಯಕೃತ್ತಿನ ರೋಗ?' ಎಂದು ಕೆಲವು ಸದ್ಭಕ್ತರು ಭಾವಿಸುವುದುಂಟು. ಮದ್ಯ ತ್ಯಜಿಸಿದವರಿಗೆ ಒಂದು ದೊಡ್ಡ ಅಪಾಯ ತಪ್ಪುತ್ತದೆ, ನಿಜ. ಆದರೆ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವ ಶಾಕಾಹಾರಿಗಳಲ್ಲೂ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಹೆಪಟೈಟಿಸ್ ಬಿ ರಕ್ತದ ಮೂಲಕವೂ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಹರಡುತ್ತದೆ. ಅದನ್ನು ತಡೆಯುವ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಶಿಶು ಜನಿಸಿದ 24 ಗಂಟೆಯೊಳಗೇ ನೀಡಲಾಗುತ್ತದೆ.

ರಕ್ತಪರೀಕ್ಷೆ ಹಾಗೂ ಹೊಟ್ಟೆಯ ಸ್ಕ್ಯಾನಿಂಗ್‌ನಿಂದ ಯಕೃತ್ತಿನ ಸ್ಥಿತಿಯನ್ನು ಬಹುಮಟ್ಟಿಗೆ ಅರಿಯಬಹುದು. ಮಿತಾಹಾರ, ನಿತ್ಯ ನಡಿಗೆ, ದುಶ್ಚಟಗಳ ತ್ಯಾಗ ಯಕೃತ್ತನ್ನು ಕಾಯುತ್ತವೆ. ಕಾಯಕಕ್ಕೂ ದಾಸೋಹಕ್ಕೂ ಆರೋಗ್ಯವಂತ ಕಾಯವೇ ಆಧಾರ. ಆದುದರಿಂದ ಬಹುದಿನ ಉಳಿದ ನೋವನ್ನು ಗುಳಿಗೆಯಿಂದ ಅಡಗಿಸದೆ, ವೈದ್ಯರಲ್ಲಿ ಅದರ ಮೂಲವನ್ನು ತಿಳಿದು ಚಿಕಿತ್ಸೆ ಪಡೆಯುವುದು ಶ್ರೇಯಸ್ಕರ.