ವೇಗದ ಪ್ಯಾಕೆಟ್ ಸಾಧನಗಳು ಮತ್ತು ಕೈಪಿಡಿ ಹೇಳದ ಕಾರಣಗಳು

ಅತಿವೇಗದಲ್ಲಿ ಪ್ಯಾಕೆಟ್ ಸಂಸ್ಕರಿಸುವ ಡಿಪಿಡಿಕೆ, ಎಕ್ಸ್‌ಡಿಪಿಯಂಥ ಸಾಧನಗಳಿಗೆ ಎಂಥ ಡಾಕ್ಯುಮೆಂಟೇಶನ್ ಬೇಕು ಎಂಬುದು ಇವತ್ತಿನ ವಿಷಯ.

ಮೊದಲು ಒಂದು ಲೆಕ್ಕ ನೋಡುವ. ಈಥರ್ನೆಟ್ಟಿನ ಅತಿ ಚಿಕ್ಕ ಫ್ರೇಮು 64 ಬೈಟು. ಪ್ರಿಯಾಂಬಲ್ ಮತ್ತು ಫ್ರೇಮುಗಳ ನಡುವಿನ ಬಿಡುವು ಸೇರಿದರೆ ತಂತಿಯ ಮೇಲೆ 84 ಬೈಟು ಆಗುತ್ತದೆ. 10 ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ ಇಂಥವು ಸುಮಾರು 1 ಕೋಟಿ 48 ಲಕ್ಷ ಬರಬಹುದು. ಅಂದರೆ ಒಂದೊಂದು ಪ್ಯಾಕೆಟಿಗೆ ಸಿಗುವುದು ಸುಮಾರು 67 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರಿನಲ್ಲಿ ಇದು 200 ಸೈಕಲ್. ಕ್ಯಾಶ್‌ನಲ್ಲಿ ಸಿಗದ್ದನ್ನು ಹುಡುಕಿ ಮುಖ್ಯ ಮೆಮೊರಿಗೆ ಒಂದು ಸಲ ಹೋಗಿಬಂದರೆ ಆ ಸಮಯ ಹೆಚ್ಚುಕಡಿಮೆ ಮುಗಿದೇ ಹೋಯ್ತು. ಹಾಗಾಗಿ ಇಲ್ಲಿ ಸಣ್ಣ ಸೆಟ್ಟಿಂಗ್ ಕೂಡ ಫಲಿತಾಂಶವನ್ನು ಬದಲಿಸುತ್ತದೆ.

ಇಂಟೆಲ್‌ನಲ್ಲಿ ಹುಟ್ಟಿ 2017ರಲ್ಲಿ ಲಿನಕ್ಸ್ ಫೌಂಡೇಶನ್ನಿಗೆ ಸೇರಿದ ಡಿಪಿಡಿಕೆಗೆ ಕೈಪಿಡಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆರಂಭಿಕರಿಗೊಂದು, ಪ್ರೋಗ್ರಾಮರಿಗೊಂದು, ಮಾದರಿ ಪ್ರೋಗ್ರಾಮುಗಳಿಗೊಂದು, ಬೇರೆಯಾಗಿ ಎಪಿಐ ವಿವರಣೆ, ಎಲ್ಲ ಉಂಟು. ಕಡಿಮೆ ಬೀಳುವುದು 'ಯಾಕೆ' ಎಂಬುದಕ್ಕೆ ಉತ್ತರ.

ಒಂದು ಉದಾಹರಣೆ ತೆಗೆದುಕೊಳ್ಳಿ. ನಾವು ಹೆಚ್ಚಿನವರು ಮೊದಲು ಓಡಿಸುವುದು ಬೇಸಿಕ್ ಫಾರ್ವರ್ಡಿಂಗ್ ಮಾದರಿ. ಅದರಲ್ಲಿ ಪೋರ್ಟಿಗೆ 8,191 ಬಫರು, ಪ್ರತಿ ಕೋರಿನ ಕ್ಯಾಶ್ 250, ಒಂದು ಸಲಕ್ಕೆ ಎತ್ತುವ ಪ್ಯಾಕೆಟ್ 32 ಅಂತ ಬರೆದಿರುತ್ತದೆ. ಈಗ ಎಪಿಐ ವಿವರಣೆ ತೆರೆಯಿರಿ. ಬಫರುಗಳ ಒಟ್ಟು ಸಂಖ್ಯೆ ಎರಡರ ಘಾತಕ್ಕಿಂತ ಒಂದು ಕಡಿಮೆ ಇದ್ದರೆ ಮೆಮೊರಿ ಉಳಿಯುತ್ತದೆ ಎಂಬುದು ಅಲ್ಲಿನ ಒಂದು ಸಲಹೆ. ಹಲವು ಆವೃತ್ತಿಗಳಲ್ಲಿ ಇನ್ನೊಂದು ಸಲಹೆಯೂ ಉಂಟು: ಆ ಸಂಖ್ಯೆಯನ್ನು ಕ್ಯಾಶ್ ಗಾತ್ರದಿಂದ ಭಾಗಿಸಿದರೆ ಶೇಷ ಉಳಿಯಬಾರದು. ಎರಡು ಪೋರ್ಟಿಗೆ ಮಾದರಿ ಪ್ರೋಗ್ರಾಮು ಕೇಳುವುದು 16,382 ಬಫರು. ಮೊದಲ ಸಲಹೆಯ ಪ್ರಕಾರ 16,383 ಬೇಕಿತ್ತು. ಎರಡನೆಯದರ ಪ್ರಕಾರ ನೋಡಿದರೆ 132 ಶೇಷ ಉಳಿಯುತ್ತದೆ. ಪ್ರೋಗ್ರಾಮು ಚೆನ್ನಾಗಿಯೇ ಓಡುತ್ತದೆ, ಅದು ಬೇರೆ ಮಾತು. ಆದರೆ ಯಾವ ಸಂಖ್ಯೆ ಮುಟ್ಟಬಾರದ್ದು, ಯಾವುದು ಸುಮ್ಮನೆ ಹಾಕಿದ್ದು ಅಂತ ಕಲಿಯುವವನಿಗೆ ಹೇಗೆ ಗೊತ್ತಾಗಬೇಕು? ಅವನು ಮೂರನ್ನೂ ಹಾಗೇ ನಕಲು ಮಾಡಿ ಪ್ರಬಂಧಕ್ಕೆ ಹಾಕುತ್ತಾನೆ.

ಎಕ್ಸ್‌ಡಿಪಿಯಲ್ಲಿ ತೊಂದರೆ ಇನ್ನೂ ಸೂಕ್ಷ್ಮ. 2016ರ ಲಿನಕ್ಸ್ 4.8ರಲ್ಲಿ ಬಂದ ಇದು ಪ್ಯಾಕೆಟನ್ನು ಡ್ರೈವರಿನ ಹಂತದಲ್ಲೇ ಹಿಡಿಯುತ್ತದೆ. ಆದರೆ ಅದಕ್ಕೆ ಡ್ರೈವರಿನ ಬೆಂಬಲ ಬೇಕು. ಐಪಿ ಲಿಂಕ್ ಆಜ್ಞೆಯಲ್ಲಿ ಬರೇ 'ಎಕ್ಸ್‌ಡಿಪಿ' ಅಂತ ಕೊಟ್ಟು, ಡ್ರೈವರಿಗೆ ಆ ಬೆಂಬಲ ಇಲ್ಲದಿದ್ದರೆ ಕರ್ನಲ್ ಜೆನೆರಿಕ್ ಮೋಡಿಗೆ ಇಳಿಯುತ್ತದೆ. ದೋಷ ಸಂದೇಶ ಏನೂ ಬರುವುದಿಲ್ಲ. ಜೆನೆರಿಕ್ ಮೋಡಿನಲ್ಲಿ ಪ್ರೋಗ್ರಾಮು ಓಡುವ ಮೊದಲೇ ಕರ್ನಲ್ಲಿನ ಪ್ಯಾಕೆಟ್ ರಚನೆ ಸಿದ್ಧವಾಗಿರುತ್ತದೆ, ಹಾಗಾಗಿ ವೇಗದ ಲಾಭ ಬಹುಪಾಲು ಹೋಯ್ತು. ಇದನ್ನು ಅರಿಯದವರು ಅಳೆದು, "ಎಕ್ಸ್‌ಡಿಪಿ ನಿಧಾನ" ಅಂತ ತೀರ್ಮಾನ ಬರೆದುಬಿಡಬಹುದು. 'ಎಕ್ಸ್‌ಡಿಪಿಡಿಆರ್‌ವಿ' ಅಂತ ಕೊಟ್ಟಿದ್ದರೆ ಅಲ್ಲಿಯೇ ದೋಷ ಸಂದೇಶ ಬರುತ್ತಿತ್ತು. ಈ ಎಚ್ಚರಿಕೆ ಇರಬೇಕಾದ್ದು ಪಾಠದ ಮೊದಲ ಪುಟದಲ್ಲೇ.

ಹಾಗಾದರೆ ಒಳ್ಳೆಯ ದಾಖಲೆಯಲ್ಲಿ ಏನೇನಿರಬೇಕು? ನನ್ನ ಪ್ರಕಾರ ನಾಲ್ಕು: ಪ್ರತಿ ಸಂಖ್ಯೆಗೂ ಕಾರಣ, ಅದನ್ನು ಬದಲಿಸಬೇಕಾದ ಸಂದರ್ಭ, ಸದ್ದಿಲ್ಲದೆ ಆಗುವ ತಪ್ಪನ್ನು ಪತ್ತೆಹಚ್ಚುವ ಬಗೆ, ಅಳತೆ ಮಾಡಿದ ಕಾರ್ಡು, ಡ್ರೈವರು, ಕರ್ನಲ್ ಆವೃತ್ತಿ, ಪ್ಯಾಕೆಟ್ ಗಾತ್ರ ಮತ್ತು ಕಾರ್ಡಿಗೂ ಮೆಮೊರಿಗೂ ಇರುವ ನ್ಯೂಮಾ ಸಂಬಂಧ.

ಇದನ್ನೆಲ್ಲ ಬೇರೆ ಯಾರೋ ಬರೆಯಲಿ ಅಂತ ಕೂರಬೇಕಾಗಿಲ್ಲ. ಡಿಪಿಡಿಕೆಯ ಕೈಪಿಡಿಗಳ ಮೂಲಪಠ್ಯ ಕೋಡಿನ ಜೊತೆಗೇ ಇರುತ್ತದೆ, ಕೋಡಿನ ಹಾಗೆಯೇ ಅದಕ್ಕೂ ತಿದ್ದುಪಡಿ ಕಳಿಸಬಹುದು. ಪ್ರಾಜೆಕ್ಟ್ ಮಾಡುವ ಪ್ರತಿ ತಂಡವೂ ತಾನು ಎಡವಿದ ಒಂದು ಜಾಗವನ್ನು ಕಾರಣ ಸಮೇತ ಬರೆದು ಕಳಿಸಲಿ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಮೌಲ್ಯಮಾಪನ ಮಾಡುವಾಗ ಆ ಒಂದು ಪುಟಕ್ಕೂ ಅಂಕ ಕೊಡಿ. ಮುಂದಿನ ವರ್ಷದವರು ಅದೇ ಜಾಗದಲ್ಲಿ ಎಡವದಿದ್ದರೆ ನಮ್ಮ ಕೆಲಸ ಸಾರ್ಥಕ.