ಮಗನ ಸೀಟು, ತಂದೆಯ ರಿಟರ್ನ್

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗಿ ಸಿಇಟಿ ಹಾಗೂ ಕಾಮೆಡ್‌ಕೆ ಸೀಟು ಹಂಚಿಕೆಯ ಸುತ್ತುಗಳು ಆರಂಭವಾಗುತ್ತಿದ್ದಂತೆ ವರ್ತಕರ ಮನೆಗಳಲ್ಲಿ ಹೊಸದೊಂದು ಲೆಕ್ಕ ತೆರೆದುಕೊಳ್ಳುತ್ತದೆ. ಸೀಟು ಕೈಗೆ ಬಂದ ಮೇಲೆ ಶುಲ್ಕ ಕಟ್ಟಲು ದೊರೆಯುವುದು ಕೆಲವೇ ದಿನಗಳು. ಅಂಗಡಿಯ ಹಣ ಸರಕಿನಲ್ಲಿಯೂ ಗಿರಾಕಿಗಳ ಬಾಕಿಯಲ್ಲಿಯೂ ಸಿಕ್ಕಿಕೊಂಡಿರುತ್ತದೆ. ಆಗ ನೆನಪಾಗುವುದು ಬ್ಯಾಂಕು. ವರ್ಷಗಟ್ಟಲೆ ವ್ಯವಹಾರ ಮಾಡಿದ ಶಾಖೆ, ಹೆಸರು ಹಿಡಿದು ಮಾತನಾಡಿಸುವ ವ್ಯವಸ್ಥಾಪಕರು. ಸಾಲ ದೊರೆಯದೆ ಇರುವ ಪ್ರಶ್ನೆಯೇ ಇಲ್ಲವೆಂಬ ಭರವಸೆಯಿಂದ ವರ್ತಕರು ಅಲ್ಲಿಗೆ ಹೋಗುತ್ತಾರೆ. ಹಿಂದಿರುಗುವಾಗ ಆ ಭರವಸೆ ಹಲವರಲ್ಲಿ ಉಳಿದಿರುವುದಿಲ್ಲ.

ವಿದ್ಯಾರ್ಥಿಯೊಬ್ಬನು ತನ್ನ ಹೆಸರಿನಲ್ಲಿಯೇ ವೈಯಕ್ತಿಕ ಸಾಲ ಪಡೆಯುವುದು ಬಹುಮಟ್ಟಿಗೆ ಅಸಾಧ್ಯವೆಂಬುದನ್ನು ಮೊದಲು ಅರಿಯಬೇಕು. ವೈಯಕ್ತಿಕ ಸಾಲಕ್ಕೆ ಆಧಾರವೇ ತಿಂಗಳ ನಿಶ್ಚಿತ ವರಮಾನ, ವಿದ್ಯಾರ್ಥಿಗೆ ಅದಿಲ್ಲ. ಪಿಯುಸಿ ಮುಗಿಸಿದವರಲ್ಲಿ ಅನೇಕರಿಗೆ ಹದಿನೆಂಟು ತುಂಬಿರುವುದೂ ಇಲ್ಲ. ಅಪ್ರಾಪ್ತ ವಯಸ್ಕನು ಮಾಡಿಕೊಂಡ ಕರಾರು ಅಸಿಂಧುವೆಂದು 1872ರ ಕರಾರು ಕಾಯಿದೆಯನ್ನು ವಿವರಿಸಿ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹರಿ ಬೀಬಿ ಪ್ರಕರಣದಲ್ಲಿ ನೀಡಿದ ತೀರ್ಪನ್ನು ವಾಣಿಜ್ಯ ಪದವಿ ಓದಿದ ಯಾರೂ ಮರೆತಿರಲಾರರು.

ಈ ತೊಡಕಿಗೆ ಪರಿಹಾರವಾಗಿಯೇ ಶಿಕ್ಷಣ ಸಾಲವೆಂಬ ಪ್ರತ್ಯೇಕ ವ್ಯವಸ್ಥೆ ಬಂದಿತು. ಅಂದು ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್. ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ವರದಿಯನ್ನು ಆಧರಿಸಿ ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ಮಾದರಿ ಯೋಜನೆಯನ್ನು ರೂಪಿಸಿತು. ನಾಲ್ಕು ಲಕ್ಷ ರೂಪಾಯಿವರೆಗೆ ಆಧಾರ ಬೇಡ. ಅದಕ್ಕೆ ಮೇಲ್ಪಟ್ಟು ಏಳೂವರೆ ಲಕ್ಷದವರೆಗೆ ಮೊದಲು ಮೂರನೆಯವರ ಜಾಮೀನು ಬೇಕಾಗುತ್ತಿತ್ತು; 2015ರಲ್ಲಿ ಕೇಂದ್ರ ಸರ್ಕಾರವು ಸಾಲ ಖಾತರಿ ನಿಧಿಯನ್ನು ಸ್ಥಾಪಿಸಿದ ಮೇಲೆ, ಅದರ ವ್ಯಾಪ್ತಿಗೆ ಬರುವ ಸಾಲಗಳಿಗೆ ಏಳೂವರೆ ಲಕ್ಷದವರೆಗೆ ಜಾಮೀನೂ ಬೇಡವಾಯಿತು. ಅದಕ್ಕಿಂತ ಹೆಚ್ಚಾದರೆ ಸ್ಥಿರಾಸ್ತಿ, ಠೇವಣಿ ಅಥವಾ ವಿಮಾ ಪಾಲಿಸಿಯಂಥ ಆಧಾರ ಒದಗಿಸಬೇಕು. ಓದಿನ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತಿಲ್ಲ. ಬಳಿಕ ಹದಿನೈದು ವರ್ಷಗಳವರೆಗೆ ಮರುಪಾವತಿಗೆ ಅವಕಾಶವುಂಟು. ಆದರೆ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಲೇಬೇಕು. ವಿದ್ಯಾರ್ಥಿಯ ಮುಂದಿನ ಗಳಿಕೆಯನ್ನು ನಂಬಿ ಕೊಡುವ ಸಾಲವಿದು ಎಂದು ಯೋಜನೆ ಹೇಳುತ್ತದೆ. ಶಾಖೆಯ ಮೇಜಿನ ಮೇಲೆ ಪರಿಶೀಲನೆಗೆ ಒಳಗಾಗುವುದು ಮಾತ್ರ ತಂದೆಯ ಕಾಗದಪತ್ರ.

ಮೂರು ಕಾಗದ, ಮೂರು ಆದಾಯ

ಹಲವು ಕಡತಗಳಲ್ಲಿ ಕಾಣುವ ಸಂಗತಿಗಳನ್ನು ಒಬ್ಬ ವರ್ತಕರ ಮೇಲೆ ಆರೋಪಿಸಿ ನೋಡಿದರೆ ವಿಷಯ ಸ್ಪಷ್ಟವಾದೀತು. ಜಿಲ್ಲಾ ಕೇಂದ್ರವೊಂದರಲ್ಲಿ ಹಾರ್ಡ್‌ವೇರ್ ಅಂಗಡಿ. ಜಿಎಸ್‌ಟಿ ವಿವರಗಳ ಪ್ರಕಾರ ವಾರ್ಷಿಕ ವಹಿವಾಟು 78 ಲಕ್ಷ, ವಸೂಲಿ ಬಹುತೇಕ ಬ್ಯಾಂಕಿನ ಮೂಲಕ. ಸಣ್ಣ ವರ್ತಕರಿಗಾಗಿ ಇರುವ ಅಂದಾಜು ಆದಾಯ ಪದ್ಧತಿಯಡಿ ಶೇಕಡಾ 6ರಂತೆ 4 ಲಕ್ಷ 68 ಸಾವಿರ ರೂಪಾಯಿ ಆದಾಯ ತೋರಿಸಲಾಗಿದೆ. ರಿಬೇಟಿನಿಂದಾಗಿ ತೆರಿಗೆ ಶೂನ್ಯ. ಅದೇ ವರ್ತಕರು ಅದೇ ಶಾಖೆಯಲ್ಲಿ 15 ಲಕ್ಷದ ಕ್ಯಾಶ್ ಕ್ರೆಡಿಟ್ ಮಿತಿಯನ್ನು ನವೀಕರಿಸಿಕೊಳ್ಳುವಾಗ ನಿವ್ವಳ ಲಾಭ 11 ಲಕ್ಷವೆಂದು ತೋರಿಸಿದ್ದಾರೆ. ಬಡ್ಡಿ ಸಹಾಯಧನ ದೊರೆತೀತೆಂಬ ಆಸೆಯಿಂದ ನಾಡಕಚೇರಿಯಲ್ಲಿ ಅರ್ಜಿ ಹಾಕಿ ತಹಶೀಲ್ದಾರರಿಂದ ಪಡೆದ ಪ್ರಮಾಣಪತ್ರದಲ್ಲಿ ಕುಟುಂಬದ ಆದಾಯ ಎರಡು ಲಕ್ಷ.

ಮಗನಿಗೆ ಎಂಜಿನಿಯರಿಂಗ್ ಸೀಟು ದೊರೆತು, ನಾಲ್ಕು ವರ್ಷಗಳ ಒಟ್ಟು ವೆಚ್ಚ 14 ಲಕ್ಷಕ್ಕೆ ಅರ್ಜಿ ಸಲ್ಲಿಕೆಯಾದಾಗ ಈ ಮೂರೂ ಕಾಗದಗಳು ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಬಂದವು. ಇವುಗಳಲ್ಲಿ ಯಾವುದು ನಿಜವೆಂದು ಅಧಿಕಾರಿ ಕೇಳಿದರು. ಮೊದಲನೆಯದು ನಿಜವಾದರೆ ಸಾಲ ತೀರಿಸುವ ಶಕ್ತಿ ಇಲ್ಲ. ಎರಡನೆಯದು ನಿಜವಾದರೆ ತೆರಿಗೆ ಇಲಾಖೆಗೆ ಹೇಳಿದ್ದು ಸುಳ್ಳು. ಮೂರನೆಯದು ನಿಜವಾದರೆ ಕ್ಯಾಶ್ ಕ್ರೆಡಿಟ್ ಮಿತಿಯೇ ಪ್ರಶ್ನಾರ್ಹ. ಅರ್ಜಿಯನ್ನು ಬ್ಯಾಂಕು ತಿರಸ್ಕರಿಸಲಿಲ್ಲ. ವರ್ತಕರೇ ಹಿಂದಕ್ಕೆ ಪಡೆದರು.

ಇಲ್ಲಿ ತಪ್ಪು ಅಂದಾಜು ಆದಾಯ ಪದ್ಧತಿಯದಲ್ಲ. ಶೇಕಡಾ 6 ಅಥವಾ 8 ಎಂಬುದು ಕನಿಷ್ಠ ಮಿತಿ. ನಿಜವಾದ ಗಳಿಕೆ ಹೆಚ್ಚಿದ್ದರೆ ಅದನ್ನೇ ತೋರಿಸಬೇಕೆಂಬುದು ಕಾನೂನಿನ ಆಶಯ. ಕನಿಷ್ಠವನ್ನೇ ನಿಗದಿಯಾದ ದರವೆಂಬಂತೆ ಬರೆದುಕೊಂಡು ಹೋಗುವುದು ಪೇಟೆಯ ರೂಢಿ. ಈ ರೂಢಿಗೆ ಇದ್ದ ಹಳೆಯ ಕಾರಣವೂ ಈಗ ಹೆಚ್ಚು ಉಳಿದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಆರ್ಥಿಕ ವರ್ಷದಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟಿನ ಮೂಲಕ ತೆರಿಗೆ ಇಲ್ಲ. ಅಂದರೆ ಮೇಲಿನ ವರ್ತಕರು 11 ಲಕ್ಷವನ್ನೇ ತೋರಿಸಿದ್ದರೂ ಕಟ್ಟಬೇಕಾದ ತೆರಿಗೆ ಶೂನ್ಯವೇ. ಉಳಿಸಲು ತೆರಿಗೆಯೇ ಇಲ್ಲದಿರುವಾಗ ಆದಾಯವನ್ನು ಬಚ್ಚಿಡುವುದು ಎಂಥ ಜಾಣತನವೋ ತಿಳಿಯದು.

ಜೂನ್ ತಿಂಗಳಲ್ಲಿ ಆಡಿಟರ ಕಚೇರಿಗೆ ಬಂದು, ಹೇಗಾದರೂ ಮಾಡಿ ಹಿಂದಿನ ವರ್ಷಗಳ ರಿಟರ್ನ್ ಸರಿಪಡಿಸಿಕೊಡಿ ಎನ್ನುವವರಿಗೆ ಕೊರತೆಯಿಲ್ಲ. 2022ರಿಂದ ಪರಿಷ್ಕೃತ ಆದಾಯ ತೋರಿಸುವ ‘ಅಪ್‌ಡೇಟೆಡ್ ರಿಟರ್ನ್’ ಸೌಲಭ್ಯವಿದೆ. 2025ರಲ್ಲಿ ಅದರ ಅವಧಿಯನ್ನು ನಾಲ್ಕು ವರ್ಷಕ್ಕೆ ವಿಸ್ತರಿಸಲಾಗಿದೆ. ಆದರೆ ಅದಕ್ಕೆ ವಿಳಂಬಕ್ಕೆ ತಕ್ಕಂತೆ ಶೇಕಡಾ 25ರಿಂದ 70ರವರೆಗೆ ಹೆಚ್ಚುವರಿ ತೆರಿಗೆ ತೆರಬೇಕು. ಸ್ವೀಕೃತಿ ಪತ್ರದ ಮೇಲೆ ಸಲ್ಲಿಸಿದ ದಿನಾಂಕ ಅಚ್ಚಾಗಿರುತ್ತದೆ. ಮೂರು ವರ್ಷಗಳ ರಿಟರ್ನ್ ಒಂದೇ ವಾರದಲ್ಲಿ ಸಲ್ಲಿಕೆಯಾಗಿದ್ದರೆ ಸಾಲ ಮಂಜೂರು ಮಾಡುವವರು ಅದನ್ನು ಗಮನಿಸದಿರುವುದಿಲ್ಲ. ಲೆಕ್ಕಪರಿಶೋಧಕರ ಪ್ರಮಾಣಪತ್ರಕ್ಕೂ 2019ರ ಫೆಬ್ರುವರಿ 1ರಿಂದ ಯುಡಿಐಎನ್ ಸಂಖ್ಯೆ ಕಡ್ಡಾಯವಾಗಿದ್ದು, ಬ್ಯಾಂಕು ಅದನ್ನು ಕ್ಷಣದಲ್ಲಿ ತಾಳೆ ನೋಡಬಲ್ಲದು.

ಅಜ್ಜನ ಹೆಸರಿನ ಮನೆ

ಏಳೂವರೆ ಲಕ್ಷಕ್ಕೆ ಮೇಲ್ಪಟ್ಟ ಸಾಲಕ್ಕೆ ಆಧಾರ ಬೇಕೆಂದಾಗ ವರ್ತಕರು ಮನೆಯ ಪತ್ರ ತರುತ್ತಾರೆ. ಆ ಮನೆಯ ಖಾತೆ ಇಂದಿಗೂ ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಇರುತ್ತದೆ. ಮನೆಯಲ್ಲಿ ವಾಸವಿರುವುದು, ಕಂದಾಯ ಕಟ್ಟುವುದು ಒಬ್ಬರೇ ಇರಬಹುದು, ಹಕ್ಕು ಒಬ್ಬರದಲ್ಲ. ಆಸ್ತಿ ತಂದೆಯ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆಯೇ ಹೆಣ್ಣುಮಕ್ಕಳು ವಾರಸುದಾರರು. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯಿಂದ ಅವರೂ ಸಮಾನ ಪಾಲುದಾರರೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕ-ತಂಗಿಯರ ಸಹಿಯೂ ಬೇಕಾಗುತ್ತದೆ. ಹತ್ತು ವರ್ಷ ಮಾತನಾಡದಿದ್ದ ಅಣ್ಣತಮ್ಮಂದಿರು ಸೀಟಿನ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಮುಂಚೆ ಒಂದಾಗಿ ಬ್ಯಾಂಕಿಗೆ ಬರುವುದು ಅಪರೂಪ. ಬಿ-ಖಾತೆಯ ನಿವೇಶನ, ಭೂಪರಿವರ್ತನೆಯಾಗದ ಜಮೀನಿನ ಮೇಲಿನ ಕಟ್ಟಡ ಇವೂ ಸಾಮಾನ್ಯವಾಗಿ ಆಧಾರವಾಗಿ ನಡೆಯುವುದಿಲ್ಲ. ಅಂಗಡಿ ಕಟ್ಟಡವೋ, ಅದು ಕ್ಯಾಶ್ ಕ್ರೆಡಿಟ್ ಖಾತೆಗೆ ಈಗಾಗಲೇ ಅಡಮಾನವಾಗಿರುತ್ತದೆ.

ಅಂಗಡಿಯ ಹಣದಲ್ಲಿ ಓದು

ಅರ್ಜಿ ಹಿಂಪಡೆದ ವರ್ತಕರು ಮುಂದೇನು ಮಾಡಿದರು? ಮೊದಲ ವರ್ಷದ ಶುಲ್ಕ, ವಸತಿಗೃಹ, ಲ್ಯಾಪ್‌ಟಾಪ್ ಸೇರಿ ಮೂರೂವರೆ ಲಕ್ಷವನ್ನು ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ತೆಗೆದರು. ಸದಸ್ಯರಲ್ಲಿ ಅನೇಕರು ಮಾಡುವುದೂ ಇದನ್ನೇ. ಕೇಳುವವರಿಲ್ಲ, ಅರ್ಜಿಯಿಲ್ಲ, ಚೆಕ್ ಬರೆದರಾಯಿತು.

ಆ ಹಣ ಸರಕಾಗಿ ಅಂಗಡಿಗೆ ಹಿಂದಿರುಗುವುದಿಲ್ಲ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು ಅಷ್ಟರಮಟ್ಟಿಗೆ ಕುಗ್ಗಿತು. ಅದರ ಮೇಲೆ ಲೆಕ್ಕ ಹಾಕುವ ಡ್ರಾಯಿಂಗ್ ಪವರ್ ಕೂಡ ಇಳಿಯಿತು. ದೀಪಾವಳಿಯ ಮುಂಚಿನ ಖರೀದಿಗೆ ಖಾತೆಯಲ್ಲಿ ಅವಕಾಶ ಸಾಲದೆ ಪೈಪು ಪೂರೈಸುವವರ ಚೆಕ್ಕು ಹಿಂದಿರುಗಿತು. ಅವರು ನ್ಯಾಯಾಲಯಕ್ಕೆ ಹೋಗಲಿಲ್ಲ, ಆದರೆ ನಲವತ್ತೈದು ದಿನಗಳ ಉದ್ರಿಯನ್ನು ನಿಲ್ಲಿಸಿ ಕೈಗೆ ಕೈ ವ್ಯವಹಾರಕ್ಕೆ ಇಳಿದರು. ಶೇಕಡಾ 11ರಂತೆ ಆ ಮೂರೂವರೆ ಲಕ್ಷಕ್ಕೆ ವರ್ಷಕ್ಕೆ ತೆರುವ ಬಡ್ಡಿ 38,500 ರೂಪಾಯಿ. ಸ್ವಂತ ಖರ್ಚಿಗೆ ಬಳಸಿದ ಹಣವಾದ್ದರಿಂದ ಈ ಬಡ್ಡಿಯನ್ನು ವ್ಯಾಪಾರದ ವೆಚ್ಚವಾಗಿ ಕಳೆಯುವಂತಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ, 1961ರ ಕಾಯಿದೆಯ 80ಇ ಕಲಮಿನಿಂದ ಪರಿಚಿತವಾದ, ಗರಿಷ್ಠ ಮಿತಿಯಿಲ್ಲದ ಎಂಟು ವರ್ಷಗಳ ರಿಯಾಯಿತಿಯುಂಟು. ಅದೂ ಇದಕ್ಕೆ ಅನ್ವಯಿಸದು.

ಎರಡನೆಯ ವರ್ಷಕ್ಕೆ ಮೂರೂವರೆ ಲಕ್ಷದ ವೈಯಕ್ತಿಕ ಸಾಲ, ಶೇಕಡಾ 14ರ ಬಡ್ಡಿ, ಮೂರು ವರ್ಷ: ಮುಂದಿನ ತಿಂಗಳಿನಿಂದಲೇ ಸುಮಾರು 11,960 ರೂಪಾಯಿ ಕಂತು. ಅದೂ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು.

ಹೋಲಿಕೆಗಾಗಿ ಹತ್ತು ಲಕ್ಷದ ಶಿಕ್ಷಣ ಸಾಲವನ್ನು ತೆಗೆದುಕೊಳ್ಳಬಹುದು: ನಾಲ್ಕು ವರ್ಷ ಪ್ರತಿ ವರ್ಷದ ಆರಂಭದಲ್ಲಿ ಎರಡೂವರೆ ಲಕ್ಷದಂತೆ ಬಿಡುಗಡೆ, ಶೇಕಡಾ 10ರ ಸರಳ ಬಡ್ಡಿ. ಓದು ಮುಗಿದು ಇನ್ನೊಂದು ವರ್ಷ ಕಳೆಯುವ ವೇಳೆಗೆ ಬಡ್ಡಿ ಮೂರೂವರೆ ಲಕ್ಷವಾಗಿ, ತೀರಿಸಬೇಕಾದ ಮೊತ್ತ ಹದಿಮೂರೂವರೆ ಲಕ್ಷಕ್ಕೆ ಏರುತ್ತದೆ. ಹತ್ತು ವರ್ಷಗಳ ಅವಧಿಗೆ ಕಂತು ಸುಮಾರು 17,840 ರೂಪಾಯಿ. ಓದಿನ ಅವಧಿಯಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ಬಡ್ಡಿಯನ್ನು ಮಾತ್ರ ಕಟ್ಟುತ್ತ ಹೋದರೆ ಕಂತು 13,215ಕ್ಕೆ ನಿಲ್ಲುತ್ತದೆ. ಆ ಬಡ್ಡಿ ಮೊದಲ ವರ್ಷ ತಿಂಗಳಿಗೆ ಸುಮಾರು 2,083 ರೂಪಾಯಿ, ನಾಲ್ಕನೆಯ ವರ್ಷ 8,333 ರೂಪಾಯಿ. ಹೀಗೆ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇಕಡಾ ಒಂದರವರೆಗೆ ರಿಯಾಯಿತಿ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ, ಕೇಳಿದವರಿಗೆ ದೊರೆಯುತ್ತದೆ. ವರ್ತಕರ ಪಾಲಿಗೆ ಇದಕ್ಕಿಂತ ಮುಖ್ಯವಾದದ್ದು, ಅಂಗಡಿಯ ದುಡಿಯುವ ಬಂಡವಾಳಕ್ಕೆ ಕೈ ಹಾಕುವ ಪ್ರಮೇಯ ಬರುವುದಿಲ್ಲವೆಂಬುದು.

ತಂದೆಯನ್ನು ಕೇಳಲು ಸಂಕೋಚಪಟ್ಟು ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ಮಾಡುವ ವಿದ್ಯಾರ್ಥಿಗಳೂ ಇದ್ದಾರೆ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ ಎಲ್ಲ ವೆಚ್ಚ ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಕೊಡುವುದು ಕಡ್ಡಾಯ. ಅದನ್ನು ಕೊಡದೆ, ಫೋನಿನಲ್ಲಿರುವ ಗೆಳೆಯರ ಸಂಖ್ಯೆಗಳನ್ನು ನೋಡಲು ಅನುಮತಿ ಕೇಳುವ ಆ್ಯಪ್ ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ಹೊರಗಿನದು.

ಅರ್ಜಿಯ ಹಾದಿ

ಸಹ-ಸಾಲಗಾರನ ಹಳೆಯ ಬಾಕಿಗಳೂ ಬೆಳಕಿಗೆ ಬರುತ್ತವೆ. ಎಂದೋ ತೀರಿಸದೆ ಬಿಟ್ಟ ಕ್ರೆಡಿಟ್ ಕಾರ್ಡಿನ ಬಾಕಿ, ಸ್ನೇಹಿತನಿಗೆ ಹಾಕಿದ ಜಾಮೀನು ಎಲ್ಲವೂ ಸಿಬಿಲ್ ವರದಿಯಲ್ಲಿರುತ್ತವೆ. ಪ್ರತಿಯೊಂದು ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ವರದಿ ಪಡೆಯಬಹುದು. ಸೀಟಿನ ಕಾಲಕ್ಕೆ ಕಾಯದೆ ಮೊದಲೇ ನೋಡಿಕೊಂಡರೆ ತಪ್ಪು ನಮೂದುಗಳನ್ನು ತಿದ್ದಿಸಲು ಸಮಯ ಸಿಗುತ್ತದೆ. ಸಿಬಿಲ್ ಅಂಕ ಕಡಿಮೆಯೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲವನ್ನು ನಿರಾಕರಿಸಬಾರದೆಂದು ಕೇರಳ ಉಚ್ಚ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಹೇಳಿದೆ. ಆದರೆ ಶುಲ್ಕದ ಗಡುವು ನ್ಯಾಯಾಲಯದ ದಾರಿ ಕಾಯುವುದಿಲ್ಲ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಡಿ, ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಆಧಾರವೂ ಜಾಮೀನೂ ಬೇಡ. ಆರಂಭದಲ್ಲಿ 860 ಸಂಸ್ಥೆಗಳು ಈ ಪಟ್ಟಿಯಲ್ಲಿದ್ದವು. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ, ಕಂತು ಆರಂಭವಾಗುವವರೆಗೆ, ಶೇಕಡಾ 3ರ ಬಡ್ಡಿ ಸಹಾಯಧನವೂ ಉಂಟು. ಆದಾಯವನ್ನು ಸರಿಯಾಗಿ ತೋರಿಸಿದ ವರ್ತಕರಿಗೆ ಸಹಾಯಧನ ತಪ್ಪಬಹುದು, ಸಾಲ ತಪ್ಪುವುದಿಲ್ಲ. ಆಡಳಿತ ಮಂಡಳಿಯ ಕೋಟಾದಲ್ಲಿ, ರಸೀದಿಯಿಲ್ಲದೆ ಕೊಟ್ಟ ವಂತಿಗೆಗೆ ಮಾತ್ರ ಯಾವ ಯೋಜನೆಯಲ್ಲಿಯೂ ಸಾಲವಿಲ್ಲ. ಅಂಥ ವಂತಿಗೆ 1984ರ ರಾಜ್ಯ ಕಾಯಿದೆಯಿಂದಲೇ ನಿಷಿದ್ಧ.

ಅರ್ಜಿಯನ್ನು ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಸಲ್ಲಿಸಿದರೆ ಅದರ ದಾಖಲೆ ಉಳಿಯುತ್ತದೆ. ಬಾಯಿಮಾತಿನಲ್ಲಿ ಆಗುವುದಿಲ್ಲವೆಂದು ಕಳುಹಿಸಿದರೆ ಅದು ತಿರಸ್ಕಾರವಲ್ಲ. ಮಾದರಿ ಯೋಜನೆಯ ಪ್ರಕಾರ ಶಾಖೆಯ ಮೇಲಧಿಕಾರಿಯೇ ತಿರಸ್ಕರಿಸಬೇಕು, ಕಾರಣವನ್ನು ವಿದ್ಯಾರ್ಥಿಗೆ ತಿಳಿಸಬೇಕು. ಬ್ಯಾಂಕಿಗೆ ಕೊಟ್ಟ ದೂರಿಗೆ ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರ ಬಳಿಗೆ ಹೋಗಬಹುದು.

ಮೇಲಿನ ಹಾರ್ಡ್‌ವೇರ್ ವರ್ತಕರಿಗೆ ಒಬ್ಬ ಮಗಳೂ ಇದ್ದಾಳೆ, ಈಗ ಹತ್ತನೆಯ ತರಗತಿ. ಅವಳ ಪಿಯುಸಿ ಮುಗಿಯುವ ಹೊತ್ತಿಗೆ ಬ್ಯಾಂಕು ಕೇಳುವ ಮೂರು ರಿಟರ್ನ್‌ಗಳಲ್ಲಿ ಮೊದಲನೆಯದು ಅವಳು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷದ ಆದಾಯದ್ದು. ಅದರ ಸಲ್ಲಿಕೆ ಈ ಜುಲೈಯಲ್ಲಿ. ಜಿಎಸ್‌ಟಿ ವಿವರ, ಸ್ಟಾಕ್ ಸ್ಟೇಟ್‌ಮೆಂಟು ಎರಡನ್ನೂ ಎದುರಿಗಿಟ್ಟುಕೊಂಡು ಸಿದ್ಧಪಡಿಸಿದ ಆ ರಿಟರ್ನಿನಲ್ಲಿ ತೋರಿಸಿದ ಆದಾಯ 10 ಲಕ್ಷ 90 ಸಾವಿರ, ತೆರಿಗೆ ಶೂನ್ಯ. ಮನೆಯ ಖಾತೆ ಬದಲಾವಣೆಗೆ ತಂಗಿಯ ಒಪ್ಪಿಗೆ ಪತ್ರವೂ ಬಂದಿದೆ. ಅಣ್ಣನದು ಇನ್ನೂ ಬರಬೇಕಾಗಿದೆ.