ಒಂದೇ ಕಡತ, ಮುನ್ನೂರು ಕೆಲಸ: ಬ್ಯುಸಿಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ನಮ್ಮ ಲ್ಯಾಬಿನ ಒಂದೆರಡು ಕಂಪ್ಯೂಟರುಗಳು ಮುನಿಸಿಕೊಳ್ಳುವುದು ಹೊಸತಲ್ಲ. ಪರದೆ ಕಪ್ಪಾಗುತ್ತದೆ. ಮೇಲೆ ‘ಬ್ಯುಸಿಬಾಕ್ಸ್’ ಎಂಬ ಹೆಸರು, ಪಕ್ಕದಲ್ಲಿ ಆವೃತ್ತಿಯ ಸಂಖ್ಯೆ, ಕೆಳಗೆ ಕಂಸದೊಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಎಂದು ಬರೆದು ಕರ್ಸರ್ ಮಿಣುಕುತ್ತಾ ನಿಲ್ಲುತ್ತದೆ. ಪ್ರಥಮ ಪಿಯುಸಿಯ ಒಬ್ಬ ಹುಡುಗ ಅದನ್ನು ಓದಿ, “ಸರ್, ಬಾಕ್ಸ್ ಬ್ಯುಸಿ ಇದೆಯಂತೆ, ಕಾಯುತ್ತಿದ್ದೇನೆ” ಎಂದು ಕೈಕಟ್ಟಿ ಕುಳಿತಿದ್ದ. ನಗು ಬಂದರೂ ಅವನ ಓದಿನಲ್ಲಿ ತಪ್ಪಿರಲಿಲ್ಲ. ಹೆಸರೇ ಹಾಗಿದೆ.

ಅಲ್ಲಿ ನಡೆದಿರುವುದು ಇಷ್ಟು. ಉಬುಂಟು ಏಳುವಾಗ ಮೊದಲು ಮೆಮೊರಿಯೊಳಗೆ ಒಂದು ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಆ ಪುಟ್ಟ ವ್ಯವಸ್ಥೆ ಹಾರ್ಡ್ ಡಿಸ್ಕನ್ನು ಹುಡುಕಿ, ಜೋಡಿಸಿ, ಆಮೇಲೆ ದೊಡ್ಡ ವ್ಯವಸ್ಥೆಗೆ ಜಾಗ ಬಿಟ್ಟುಕೊಡಬೇಕು. ಕರೆಂಟು ದಿಢೀರನೆ ಹೋದಾಗ ಡಿಸ್ಕಿನ ಲೆಕ್ಕಪತ್ರ ಹಾಳಾಗಿದ್ದರೆ ಅದು ಮುಂದೆ ಹೋಗಲಾರದೆ, ‘ನೀವೇ ಏನಾದರೂ ಮಾಡಿ’ ಎಂದು ಒಂದು ಶೆಲ್ ಕೊಟ್ಟು ನಿಲ್ಲುತ್ತದೆ. ಡಿಸ್ಕ್ ಪರೀಕ್ಷಿಸುವ ಆಜ್ಞೆ ಕೊಟ್ಟು, ದೋಷ ಸರಿಪಡಿಸಿ ಹೊರಬಂದರೆ ಹೆಚ್ಚಿನ ಸಲ ಕಂಪ್ಯೂಟರ್ ಎದ್ದುಬಿಡುತ್ತದೆ. ಆ ಶೆಲ್ ಮತ್ತು ಅದರ ಜೊತೆಗಿರುವ ಬಹುತೇಕ ಆಜ್ಞೆಗಳು ಬರುವುದು ಬ್ಯುಸಿಬಾಕ್ಸ್ ಎಂಬ ಒಂದೇ ಒಂದು ಕಡತದಿಂದ.

ನಮ್ಮ ಲ್ಯಾಬಿಗೆ ಅದು ಆಪತ್ಕಾಲದ ಅತಿಥಿ. ಆದರೆ ನಿಮ್ಮ ಮನೆಯ ವೈಫೈ ರೌಟರ್, ಅಂಗಡಿಯ ಸಿಸಿಟಿವಿ ರೆಕಾರ್ಡರ್, ಸೆಟ್‌ಟಾಪ್ ಬಾಕ್ಸ್‌ನಂಥ ಸಾಧನಗಳಲ್ಲಿ ಅದು ಖಾಯಂ ನಿವಾಸಿ. ಇಂಥವುಗಳಲ್ಲಿ ಬಹಳಷ್ಟು ಲಿನಕ್ಸ್ ಮೇಲೆ ನಡೆಯುತ್ತವೆ, ಒಳಗೆ ಜಾಗ ಮಾತ್ರ ತೀರಾ ಕಡಿಮೆ. 2002ರ ಕೊನೆಗೆ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ಹೆಸರಾಂತ ರೌಟರಿನಲ್ಲಿ ಇದ್ದದ್ದು 4 ಎಂಬಿ ಫ್ಲಾಶ್, 16 ಎಂಬಿ ರ‍್ಯಾಮ್. ನೀವು ವಾಟ್ಸಾಪಿನಲ್ಲಿ ಕಳಿಸುವ ಒಂದು ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ ಕರ್ನೆಲ್, ಎಲ್ಲ ಆಜ್ಞೆಗಳು, ಬ್ರೌಸರಿನಲ್ಲಿ ತೆರೆಯುವ ಸೆಟ್ಟಿಂಗ್ ಪುಟ ಎಲ್ಲವೂ ಕೂರಬೇಕು.

ಬ್ಯುಸಿಬಾಕ್ಸ್ ಹುಟ್ಟಿದ್ದೂ ಜಾಗದ ಬಡತನದಿಂದಲೇ. 1995ರಲ್ಲಿ ಬ್ರೂಸ್ ಪೆರೆನ್ಸ್ ಎಂಬವರು ಡೆಬಿಯನ್ ಲಿನಕ್ಸನ್ನು ಒಂದೇ ಫ್ಲಾಪಿಯಿಂದ ಸ್ಥಾಪಿಸಬೇಕು, ಕೆಟ್ಟ ಕಂಪ್ಯೂಟರನ್ನು ಅದೇ ಫ್ಲಾಪಿಯಿಂದ ಬದುಕಿಸಬೇಕು ಎಂದು ಹೊರಟರು. ಫ್ಲಾಪಿ ಕಂಡಿಲ್ಲದವರಿಗೆ ಹೇಳುತ್ತೇನೆ: 1.44 ಎಂಬಿ, ಅಷ್ಟೇ. 1996ರ ಹೊತ್ತಿಗೆ ತಮ್ಮ ಕೆಲಸ ಮುಗಿಯಿತೆಂದು ಅವರು ಬಿಟ್ಟರು. ಮುಂದೆ ಎರಿಕ್ ಆಂಡರ್ಸನ್ ಮೊದಲಾದವರು ಅದನ್ನು ಬೆಳೆಸಿದರು. 2006ರ ಕೊನೆಯಿಂದ ಡೆನಿಸ್ ವ್ಲಾಸೆಂಕೊ ನೋಡಿಕೊಳ್ಳುತ್ತಿದ್ದಾರೆ.

ಒಂದೇ ಕಡತ ಮುನ್ನೂರು ಕೆಲಸ ಮಾಡುವುದು ಹೇಗೆ ಎಂಬುದು ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ಭಾಗ. ಒಬ್ಬ ಮನುಷ್ಯನನ್ನು ಮನೆಯಲ್ಲಿ ‘ಅಬ್ಬಾ’ ಎಂದು ಕರೆದರೆ ಅವನು ತಂದೆ. ಅವನನ್ನೇ ಶಾಲೆಯಲ್ಲಿ ‘ಸರ್’ ಎಂದರೆ ಮೇಷ್ಟ್ರು. ಅಣ್ಣನ ಮಗ ‘ಕಾಕ’ ಎಂದರೆ ಜೇಬಿನಿಂದ ಚಾಕ್ಲೇಟು ತೆಗೆಯುವವನು. ಕರೆದ ಹೆಸರಿಗೆ ತಕ್ಕ ನಡತೆ, ಆಳು ಮಾತ್ರ ಒಬ್ಬನೇ. ಲಿನಕ್ಸಿನಲ್ಲಿ ಯಾವುದೇ ಪ್ರೋಗ್ರಾಂ ಶುರುವಾದಾಗ ತನ್ನನ್ನು ಯಾವ ಹೆಸರಿನಿಂದ ಕರೆದರು ಎಂಬುದು ಅದಕ್ಕೆ ಗೊತ್ತಾಗುತ್ತದೆ. ಪೈಥಾನ್ ಕಲಿತವರು ಸಿಸ್ ಮಾಡ್ಯೂಲಿನ ‘ಆರ್ಗ್‌ವಿ’ ಪಟ್ಟಿಯಲ್ಲಿ ಸೊನ್ನೆಯ ಸ್ಥಾನದಲ್ಲಿರುವುದನ್ನು ಪ್ರಿಂಟ್ ಮಾಡಿ ನೋಡಿ, ನಿಮ್ಮ ಪ್ರೋಗ್ರಾಮಿನ ಹೆಸರೇ ಬರುತ್ತದೆ. ಬ್ಯುಸಿಬಾಕ್ಸ್ ಎದ್ದ ಕೂಡಲೇ ಮಾಡುವ ಕೆಲಸ ಅದನ್ನು ಓದುವುದು. ‘ಎಲ್‌ಎಸ್’ ಎಂದು ಕರೆದಿದ್ದರೆ ಕಡತಗಳ ಪಟ್ಟಿ ಕೊಡುತ್ತದೆ, ‘ಕ್ಯಾಟ್’ ಎಂದಿದ್ದರೆ ಕಡತದ ಒಳಗಿರುವುದನ್ನು ತೋರಿಸುತ್ತದೆ, ‘ಪಿಂಗ್’ ಎಂದಿದ್ದರೆ ಜಾಲದಲ್ಲಿ ಕೂಗು ಹಾಕುತ್ತದೆ. ಎಲ್‌ಎಸ್, ಕ್ಯಾಟ್, ಪಿಂಗ್ ಎಲ್ಲವೂ ಬರೀ ಕೊಂಡಿಗಳು, ಒಂದೇ ಕಡತದತ್ತ ಬೆರಳು ತೋರಿಸುವ ಫಲಕಗಳು.

ಇದರಿಂದ ಜಾಗ ಹೇಗೆ ಉಳಿಯುತ್ತದೆ? ಮುನ್ನೂರು ಬೇರೆ ಬೇರೆ ಪ್ರೋಗ್ರಾಮುಗಳಿದ್ದರೆ ಪ್ರತಿಯೊಂದಕ್ಕೂ ತನ್ನದೇ ಆರಂಭದ ಸಂಕೇತ, ಆಯ್ಕೆಗಳನ್ನು ಓದುವ ಭಾಗ, ತಪ್ಪಾದಾಗ ಸಂದೇಶ ಕೊಡುವ ಭಾಗ ಬೇಕು. ಮುನ್ನೂರು ಮನೆ, ಮುನ್ನೂರು ಒಲೆ. ಬ್ಯುಸಿಬಾಕ್ಸ್ ಕೂಡುಕುಟುಂಬದ ಹಾಗೆ, ಒಂದೇ ಒಲೆಯಲ್ಲಿ ಎಲ್ಲರ ಅಡುಗೆ. ಹಾಗಾಗಿ ಎಲ್ಲ ಕೆಲಸಗಳನ್ನೂ ಸೇರಿಸಿ ಕಟ್ಟಿದರೂ ಸುಮಾರು 1 ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಒಳಗಿನ ಒಂದೊಂದು ಕೆಲಸವನ್ನೂ ‘ಆಪ್ಲೆಟ್’ ಎನ್ನುತ್ತಾರೆ.

ಇನ್ನು ಆಯ್ಕೆಯ ವಿಷಯ. ಬ್ಯುಸಿಬಾಕ್ಸನ್ನು ಸಿದ್ಧವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು, ಆದರೆ ಸಾಧನ ತಯಾರಿಸುವವರು ಅದರ ಮೂಲ ಸಂಕೇತ ತಂದು ತಮಗೆ ಬೇಕಾದಂತೆ ಕಟ್ಟಿಕೊಳ್ಳುತ್ತಾರೆ. ‘ಮೇಕ್ ಮೆನುಕಾನ್ಫಿಗ್’ ಎಂದರೆ ನೀಲಿ ಹಿನ್ನೆಲೆಯ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಲಿನಕ್ಸ್ ಕರ್ನೆಲ್ ಕಟ್ಟುವವರು ಬಳಸುವ ಪಟ್ಟಿಯ ರೀತಿಯೇ. ಪ್ರತಿ ಸಾಲಿನ ಮುಂದೆ ಒಂದು ಚೌಕ. ಸ್ಪೇಸ್ ಒತ್ತಿದರೆ ನಕ್ಷತ್ರ ಬೀಳುತ್ತದೆ, ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ. ಈಚಿನ ಆವೃತ್ತಿಗಳಲ್ಲಿ ಆಪ್ಲೆಟ್ ಎಷ್ಟು ಜಾಗ ತಿನ್ನುತ್ತದೆಂದು ಪಕ್ಕದಲ್ಲೇ ಬರೆದಿರುತ್ತಾರೆ: ‘ವಿಐ’ ಎಡಿಟರಿಗೆ ಇಪ್ಪತ್ತಕ್ಕೂ ಹೆಚ್ಚು ಕೆಬಿ, ‘ಟ್ರೂ’ ಎಂಬ ಆಪ್ಲೆಟಿಗೆ ಬರೀ ಕೆಲವು ನೂರು ಬೈಟ್. ದಿನಸಿ ಅಂಗಡಿಯ ಚೀಟಿಯಂತೆ ಬೆಲೆ ನೋಡಿ ಆರಿಸಬಹುದು. ನಿಮ್ಮ ಆಯ್ಕೆಗಳೆಲ್ಲ ಚುಕ್ಕಿಯಿಂದ ಶುರುವಾಗುವ ‘ಕಾನ್ಫಿಗ್’ ಎಂಬ ಸಾದಾ ಪಠ್ಯ ಕಡತದಲ್ಲಿ ಉಳಿಯುತ್ತವೆ. ಒಂದಕ್ಕೆ ‘ವೈ’ ಎಂದಿದ್ದರೆ ಅದು ಒಳಗೆ.

ಶುರುಮಾಡಲು ಎರಡು ದಾರಿ. ‘ಡೆಫ್‌ಕಾನ್ಫಿಗ್’ ಎಂದರೆ ಹೆಚ್ಚುಕಡಿಮೆ ಎಲ್ಲವೂ ಒಳಗೆ, ಬೇಡದ್ದನ್ನು ತೆಗೆಯುತ್ತಾ ಹೋಗಬೇಕು. ‘ಆಲ್‌ನೋಕಾನ್ಫಿಗ್’ ಎಂದರೆ ಪೆಟ್ಟಿಗೆ ಖಾಲಿ, ಬೇಕಾದ್ದನ್ನು ತುಂಬುತ್ತಾ ಹೋಗಬೇಕು. ಕಲಿಯುವವರಿಗೆ ಮೊದಲನೆಯದು ಸುಲಭ. ಆದರೆ ಜನ ಬಳಸುವ ಸಾಧನಕ್ಕೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ತೆಗೆಯುವಾಗ ‘ಇರಲಿ ಬಿಡು’ ಎಂಬ ಸೋಮಾರಿತನ ಬರುತ್ತದೆ, ಸೇರಿಸುವಾಗ ‘ಇದು ಯಾಕೆ’ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಖಾಲಿ ಪೆಟ್ಟಿಗೆಯಿಂದ ಶುರುಮಾಡಿದವರಿಗೆ ಕೆಲವು ಸಂಗತಿಗಳು ತಲೆ ತಿನ್ನುತ್ತವೆ. ನಡೆಯುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ‘ಪಿಎಸ್’ ಸೇರಿಸಿದರೂ ಪಟ್ಟಿ ಖಾಲಿ ಬರಬಹುದು. ಅದು ಓದುವುದು ಕರ್ನೆಲ್ ಒದಗಿಸುವ ‘ಪ್ರಾಕ್’ ಎಂಬ ಕಾಲ್ಪನಿಕ ಫೋಲ್ಡರನ್ನು. ‘ಮೌಂಟ್’ ಸೇರಿಸಿ, ಆರಂಭದಲ್ಲೇ ಪ್ರಾಕನ್ನು ಜೋಡಿಸದಿದ್ದರೆ ಪಿಎಸ್‌ಗೆ ಕಣ್ಣೇ ಇಲ್ಲ. ರೌಟರಿನಿಂದ ಐಪಿ ವಿಳಾಸ ಕೇಳಿ ಪಡೆಯುವ ‘ಯುಡಿಎಚ್‌ಸಿಪಿಸಿ’ ಇನ್ನೂ ವಿಚಿತ್ರ. ವಿಳಾಸ ಸಿಕ್ಕಿತು ಎಂದು ತೋರಿಸುತ್ತದೆ, ಆದರೆ ಅದನ್ನು ಕಾರ್ಡಿಗೆ ಹಾಕುವುದಿಲ್ಲ! ಆ ಕೆಲಸವನ್ನು ಅದು ಒಂದು ಪ್ರತ್ಯೇಕ ಸ್ಕ್ರಿಪ್ಟಿಗೆ ಒಪ್ಪಿಸುತ್ತದೆ, ಸ್ಕ್ರಿಪ್ಟನ್ನು ನಾವೇ ಇಡಬೇಕು. ಪತ್ರ ತಂದ ಅಂಚೆಯವನು ಬಾಗಿಲಲ್ಲೇ ನಿಂತಂತೆ, ಒಳಗಿನವರು ಬಂದು ತೆಗೆದುಕೊಳ್ಳಬೇಕು.

ಗಡಿಯಾರದ ಕಥೆ ಬೇರೆ. ಇಂಥ ಹೆಚ್ಚಿನ ಸಾಧನಗಳಲ್ಲಿ ಸಮಯ ನೆನಪಿಡುವ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದರೆ ಅವುಗಳ ಲೆಕ್ಕದಲ್ಲಿ ಅಂದು 1970ರ ಜನವರಿ 1 ಆಗಿರಬಹುದು, ಯುನಿಕ್ಸ್ ಲೋಕದ ಕಾಲಗಣನೆ ಶುರುವಾಗುವುದು ಅಲ್ಲಿಂದ. ಆ ಸ್ಥಿತಿಯಲ್ಲಿ ಸುರಕ್ಷಿತ ಜಾಲತಾಣವನ್ನು ಸಂಪರ್ಕಿಸಿದರೆ ‘ಈ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ’ ಎಂಬ ದೂರು ಬರುತ್ತದೆ. ಹಾಗಾಗಿ ಜಾಲದಿಂದ ಸಮಯ ತರುವ ‘ಎನ್‌ಟಿಪಿಡಿ’ಯನ್ನು ಜಾಗ ಉಳಿಸಲೆಂದು ತೆಗೆಯುವವರು ಆಮೇಲೆ ಬೇರೆಲ್ಲೋ ತಪ್ಪು ಹುಡುಕುತ್ತಾ ರಾತ್ರಿ ಕಳೆಯುತ್ತಾರೆ.

ದಿನಚರಿ ಬರೆಯುವ ‘ಸಿಸ್‌ಲಾಗ್‌ಡಿ’ಯಲ್ಲೂ ಒಂದು ಆಯ್ಕೆಯಿದೆ. ಫ್ಲಾಶ್ ಮೆಮೊರಿಯ ಒಂದೊಂದು ಭಾಗವನ್ನೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಬಹುದು. ಸಾಧನ ನಿಮಿಷಕ್ಕೊಮ್ಮೆ ತನ್ನ ಸುದ್ದಿಯನ್ನು ಅದರಲ್ಲಿ ಗೀಚುತ್ತಿದ್ದರೆ ಫ್ಲಾಶ್ ಬೇಗ ಸವೆಯುತ್ತದೆ. ರ‍್ಯಾಮಿನಲ್ಲೇ ಒಂದು ಸಣ್ಣ ಉಂಗುರದಂಥ ಜಾಗ ಇಟ್ಟು, ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುವ ವ್ಯವಸ್ಥೆ ಬ್ಯುಸಿಬಾಕ್ಸಿನಲ್ಲಿದೆ. ಓದಲು ‘ಲಾಗ್‌ರೀಡ್’ ಇದೆ. ಕರೆಂಟು ಹೋದರೆ ದಿನಚರಿಯೂ ಹೋಗುತ್ತದೆ, ಆದರೆ ಸಾಧನ ವರ್ಷಗಟ್ಟಲೆ ಬಾಳುತ್ತದೆ. ಯಾವುದು ಬೇಕೆಂದು ಆ ಸಾಧನ ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು.

ಇಷ್ಟೆಲ್ಲ ಜಾಗದ ಲೆಕ್ಕ, ಅನುಕೂಲದ ಲೆಕ್ಕ. ಆದರೆ ಪಟ್ಟಿಯಲ್ಲಿ ‘ಟೆಲ್ನೆಟ್‌ಡಿ’ ಎಂಬ ಸಾಲೊಂದಿದೆ. ಹತ್ತು-ಹನ್ನೆರಡು ಕೆಬಿಯ ಪುಟ್ಟ ಆಪ್ಲೆಟ್. ದೂರದಿಂದ ಸಾಧನದೊಳಗೆ ಪ್ರವೇಶಿಸಲು ಬಾಗಿಲು ತೆರೆದಿಡುವುದು ಅದರ ಕೆಲಸ. ಪಾಸ್‌ವರ್ಡ್ ಸಹಿತ ಎಲ್ಲವೂ ಮುಚ್ಚುಮರೆಯಿಲ್ಲದೆ ಜಾಲದಲ್ಲಿ ಹರಿಯುತ್ತದೆ. ತಯಾರಿಕೆಯ ಹೊತ್ತಿನಲ್ಲಿ ಪರೀಕ್ಷೆಗೆ ಅನುಕೂಲ, ಆಮೇಲೆ ತೆಗೆಯಬೇಕು. ಹಲವು ತಯಾರಕರು ತೆಗೆಯಲಿಲ್ಲ. ಸಾಲದ್ದಕ್ಕೆ ಲಕ್ಷಾಂತರ ಸಾಧನಗಳಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು ಕಳಿಸಿದರು.

2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇದನ್ನೇ ಹುಡುಕಿಕೊಂಡು ಹೊರಟಿತು. ಅದು ಮಾಡಿದ್ದು ದೊಡ್ಡ ಜಾಣತನವೇನಲ್ಲ. ಅಂತರ್ಜಾಲದಲ್ಲಿ ಸಿಕ್ಕಸಿಕ್ಕ ವಿಳಾಸದ ಟೆಲ್ನೆಟ್ ಬಾಗಿಲು ತಟ್ಟುವುದು, ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಚ್ಚಿ ನೋಡುವುದು. ಒಳಗೆ ಹೊಕ್ಕ ಮೇಲೆ ಅದು ಬ್ಯುಸಿಬಾಕ್ಸಿಗೆ ‘ಮಿರಾಯ್ ಎಂಬ ಆಪ್ಲೆಟ್ ನಡೆಸು’ ಎಂದು ಹೇಳುತ್ತಿತ್ತು. ಅಂಥ ಆಪ್ಲೆಟ್ ಇಲ್ಲವೇ ಇಲ್ಲ. ‘ಆ ಹೆಸರಿನ ಆಪ್ಲೆಟ್ ಸಿಗಲಿಲ್ಲ’ ಎಂದು ಬ್ಯುಸಿಬಾಕ್ಸ್ ಪ್ರಾಮಾಣಿಕವಾಗಿ ಉತ್ತರಿಸಿದರೆ ಮಿರಾಯ್‌ಗೆ ಬೇಕಾದ ಸಾಕ್ಷಿ ಸಿಕ್ಕಿತು: ಇದು ನಿಜವಾದ ಶೆಲ್, ಕೆಲಸ ಮುಂದುವರಿಸಬಹುದು.

ಹೀಗೆ ಕ್ಯಾಮೆರಾಗಳು, ರೆಕಾರ್ಡರುಗಳು, ರೌಟರುಗಳು ಒಂದು ಸೈನ್ಯವಾದವು. 2016ರ ಅಕ್ಟೋಬರ್ 21ರಂದು ಡಿನ್ ಎಂಬ ಡಿಎನ್‌ಎಸ್ ಸಂಸ್ಥೆಯ ಮೇಲೆ ಅವುಗಳಿಂದ ದಾಳಿಯಾಗಿ, ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾದ ಮಾಲೀಕರಿಗೆ ಏನೂ ತಿಳಿಯಲಿಲ್ಲ, ಅವರ ಕ್ಯಾಮೆರಾ ಎಂದಿನಂತೆ ಅಂಗಡಿ ತೋರಿಸುತ್ತಲೇ ಇತ್ತು. ಮಿರಾಯ್ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಯುವಕರು. 2017ರಲ್ಲಿ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ನಿಮಗಿಂತ ಮೂರ್ನಾಲ್ಕು ವರ್ಷ ದೊಡ್ಡವರು, ಅಷ್ಟೇ.

ಇದಕ್ಕೆ ಬ್ಯುಸಿಬಾಕ್ಸನ್ನು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚೌಕದ ಮುಂದಿನ ನಕ್ಷತ್ರ ಅಳಿಸುವ ಅವಕಾಶ ಅದು ಕೊಟ್ಟೇ ಇತ್ತು. ದೂರದಿಂದ ಪ್ರವೇಶ ಬೇಕೇ ಬೇಕೆಂದಾದರೆ ಗೂಢಲಿಪಿಯಲ್ಲಿ ಮಾತಾಡುವ ‘ಡ್ರಾಪ್‌ಬೇರ್’ ಎಂಬ ಪುಟ್ಟ ಎಸ್‌ಎಸ್‌ಎಚ್ ತಂತ್ರಾಂಶವನ್ನು ಪ್ರತ್ಯೇಕವಾಗಿ ಸೇರಿಸಬಹುದು, ಓಪನ್‌ಡಬ್ಲ್ಯುಆರ್‌ಟಿ ಹಾಗೆಯೇ ಮಾಡುತ್ತದೆ.

ಓಪನ್‌ಡಬ್ಲ್ಯುಆರ್‌ಟಿ ಎಂದಾಗ ಪರವಾನಗಿಯ ವಿಷಯವನ್ನೂ ಹೇಳಬೇಕು. ಬ್ಯುಸಿಬಾಕ್ಸ್ ಜಿಪಿಎಲ್ ಎರಡನೇ ಆವೃತ್ತಿಯಡಿ ಇದೆ. ಉಚಿತವಾಗಿ ಬಳಸಬಹುದು, ಆದರೆ ಅದನ್ನು ಸಾಧನದಲ್ಲಿಟ್ಟು ಮಾರುವವರು ಮೂಲ ಸಂಕೇತವನ್ನೂ ಒದಗಿಸಬೇಕು. 2007ರಲ್ಲಿ ಇದನ್ನು ಪಾಲಿಸದ ಕಂಪನಿಯೊಂದರ ಮೇಲೆ ಬ್ಯುಸಿಬಾಕ್ಸ್ ಬರೆದವರ ಪರವಾಗಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. ಜಿಪಿಎಲ್ ಉಲ್ಲಂಘನೆಗಾಗಿ ಆ ದೇಶದಲ್ಲಿ ನಡೆದ ಮೊದಲ ದಾವೆಯೆಂದು ಅದು ಹೆಸರಾಗಿದೆ. ಮೇಲೆ ಹೇಳಿದ ಡಬ್ಲ್ಯುಆರ್‌ಟಿ54ಜಿ ರೌಟರಿನ ಸಂಕೇತ ಇದೇ ಪರವಾನಗಿಯ ಬಲದಿಂದ 2003ರಲ್ಲಿ ಹೊರಬಂತು. ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ತಯಾರಕರು ಕೈಬಿಟ್ಟ ಹಳೆಯ ರೌಟರುಗಳು ಇಂದು ಹೊಸ ತಂತ್ರಾಂಶದಲ್ಲಿ ಬದುಕಿರುವುದು ಹೀಗೆ.

ಮನೆಯಲ್ಲೋ ಅಂಗಡಿಯಲ್ಲೋ ಕ್ಯಾಮೆರಾ ಇದ್ದವರು ಈ ವಾರವೇ ಮಾಡಬಹುದಾದ ಕೆಲಸವಿದೆ. ಸೆಟ್ಟಿಂಗ್ ಪುಟ ತೆರೆದು ಮೊದಲು ಬಂದ ಪಾಸ್‌ವರ್ಡನ್ನು ಬದಲಾಯಿಸಿ. ಟೆಲ್ನೆಟ್ ಎಂಬ ಆಯ್ಕೆ ಕಂಡರೆ ಆರಿಸಿ. ರೌಟರಿನಲ್ಲಿ ಯುಪಿಎನ್‌ಪಿ ನಿಲ್ಲಿಸಿ, ಅದು ಕೇಳದೆಯೇ ಹೊರಗಿನವರಿಗೆ ಬಾಗಿಲು ತೆರೆಯಬಲ್ಲದು. ಕ್ಯಾಮೆರಾ ಹಾಕಿದ ಅಣ್ಣ “ಏನೂ ಆಗುವುದಿಲ್ಲ” ಎಂದರೆ ಮಿರಾಯ್ ಕಥೆ ಹೇಳಿ.

ಬ್ಯುಸಿಬಾಕ್ಸನ್ನೇ ಕಣ್ಣಾರೆ ನೋಡಬೇಕೆನ್ನುವವರು ಲ್ಯಾಬಿನ ಉಬುಂಟುವಿನಲ್ಲಿ ಟರ್ಮಿನಲ್ ತೆರೆದು ‘ಬ್ಯುಸಿಬಾಕ್ಸ್’ ಎಂದಷ್ಟೇ ಟೈಪ್ ಮಾಡಿ. ಕೊನೆಯಲ್ಲಿ ಆಪ್ಲೆಟ್‌ಗಳ ಪಟ್ಟಿ ಬರುತ್ತದೆ. ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು, ನಿಮ್ಮ ಮನೆಯ ರೌಟರ್ ನೀವೇ ಕಟ್ಟುವುದಾದರೆ ಯಾವುದನ್ನು ಉಳಿಸುತ್ತೀರಿ, ಯಾವುದನ್ನು ಹೊಡೆದುಹಾಕುತ್ತೀರಿ ಎಂದು ಗುರುತು ಮಾಡಿ ತನ್ನಿ. ಪ್ರಾಯೋಗಿಕ ತರಗತಿ ಮುಗಿದ ಮೇಲೆ ಕೂತು ನೋಡೋಣ.